ಚೇಳು ಗೆದ್ದ ಭಾನುವಾರ

ಹಾಸಿಗೆ ಅಂಗಡಿಯವನನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ವಾರವಿಡೀ ಅವನು ಹತ್ತಿ ಹಿಂಜಿ, ದಪ್ಪ ಸೂಜಿಗೆ ದಾರ ಪೋಣಿಸಿ, ಜನರ ಬೆನ್ನುನೋವಿಗೆ ತಕ್ಕ ಹಾಸಿಗೆ ಹೊಲಿದುಕೊಡುತ್ತಿದ್ದ. ಭಾನುವಾರ ಸಂಜೆಯಾದರೆ ರೈಲು ಹಳಿಯ ಪಕ್ಕದ ಹಳೇ ಗೋದಾಮಿನಲ್ಲಿ ಕಪ್ಪು ಉಡುಪು ತೊಟ್ಟು, ಹಣೆಯ ಮೇಲೆ ಕೊಂಡಿಯ ಗುರುತು ಬರೆದುಕೊಂಡು ಕುಸ್ತಿಯ ರಿಂಗಿಗೆ ಇಳಿಯುತ್ತಿದ್ದ. ಆಗ ಅವನು ಚೇಳು. ಎದುರಾಳಿಯ ಕಣ್ಣಿಗೆ ಪುಡಿ ಎರಚುವವನು, ರೆಫರಿ ಅತ್ತ ತಿರುಗಿದ ಕೂಡಲೇ ಕುರ್ಚಿ ಎತ್ತುವವನು, ಬಿದ್ದವನ ಬೆರಳು ತುಳಿದು ಹಲ್ಲು ಕಿರಿಯುವವನು. ಮೀಸೆ ಚಿಗುರುವಾಗ ಹಾಕಿಕೊಂಡ ವೇಷ. ಮೀಸೆ ನರೆತರೂ ಕಳಚಿರಲಿಲ್ಲ. ಅಂಗಡಿಗೆ ಹಾಸಿಗೆ ಕೊಳ್ಳಲು ಬಂದ ಅಜ್ಜಿಯರೂ ಮೊದಲು ನಾಲ್ಕು ಮಾತು ಬೈದು, ಆಮೇಲೆ ಅಳತೆ ಹೇಳುತ್ತಿದ್ದರು.

ಚೇಳನ್ನು ಸದೆಬಡಿಯುವ ಕೆಲಸ ಬಿರುಗಾಳಿಯದು. ಬಿರುಗಾಳಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎತ್ತರದ ಆಳು, ಅಗಲ ಎದೆ, ನಕ್ಕರೆ ಹಿಂದಿನ ಸಾಲಿನವರಿಗೂ ಹಲ್ಲು ಕಾಣಬೇಕು. ಎಷ್ಟು ಮೋಸಕ್ಕೆ ಸಿಕ್ಕಿ ಎಷ್ಟು ಪೆಟ್ಟು ತಿಂದರೂ ಕೊನೆಗೆ ಅವನು ಎದ್ದು, ಮೂಲೆಯ ಕಂಬ ಹತ್ತಿ, ಎರಡೂ ಕೈ ಚಾಚಿ, ಕೆಳಗೆ ಅಂಗಾತ ಬಿದ್ದ ಚೇಳಿನ ಮೇಲೆ ಹಾರುತ್ತಿದ್ದ. ಆ ಹಾರಿಕೆ ನೋಡಲೆಂದೇ ಜನ ಬರುತ್ತಿದ್ದರು.

ಇದು ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗುವ ಕುಸ್ತಿ. ಹಾಗೆಂದು ಪೂರ್ತಿ ಸುಳ್ಳೂ ಅಲ್ಲ. ಬಿದ್ದದ್ದು ಬಿದ್ದದ್ದೇ, ನೆಲ ಯಾರ ಮುಲಾಜನ್ನೂ ಇಟ್ಟುಕೊಳ್ಳುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆದರೆ ನೋಡುವವರಿಗೆ ಎರಡೂ ಆದಂತೆ ಕಾಣಬೇಕು. ಅದಕ್ಕೆ ಇಬ್ಬರ ನಡುವೆ ನಂಬಿಕೆ ಬೇಕು. ಕತ್ತು ಹಿಸುಕುತ್ತಿರುವಂತೆ ಕಾಣುವಾಗಲೇ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಮುಂದಿನ ಪಟ್ಟು ಹೇಳುತ್ತಿರುತ್ತಾರೆ: ಈಗ ಎಡಕ್ಕೆ, ಈಗ ಎತ್ತು, ಸೊಂಟ ನೋಯ್ತಿದೆ, ಮೆಲ್ಲಗೆ ಇಳಿಸು.

ಚೇಳಿಗೂ ಬಿರುಗಾಳಿಗೂ ಆ ನಂಬಿಕೆ ಮನೆಯಿಂದಲೇ ಬಂದದ್ದು. ಇಬ್ಬರೂ ಮೊದಲು ಗೆಳೆಯರು. ಆಮೇಲೆ ಚೇಳು ಬಿರುಗಾಳಿಯ ತಂಗಿಯನ್ನೇ ಮದುವೆಯಾಗಿ ಭಾವ ಎನ್ನತೊಡಗಿದ. ಇಬ್ಬರ ಉಡುಪನ್ನೂ ಹೊಲಿಯುವವಳು ಅವಳೇ. ಸೋಮವಾರ ಬೆಳಿಗ್ಗೆ ಗಂಡನ ಬೆನ್ನಿಗೆ ಎಣ್ಣೆ ತಿಕ್ಕುತ್ತ, “ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅಂತ ಗಾದೆ ಕಟ್ಟಿದವರು ನಿಮ್ಮನ್ನ ನೋಡೇ ಕಟ್ಟಿರಬೇಕು” ಎನ್ನುತ್ತಿದ್ದಳು. ಅವರ ಮಗಳು ಚಿಕ್ಕವಳಿದ್ದಾಗ ಮುಂದಿನ ಸಾಲಿನಲ್ಲಿ ನಿಂತು, “ಮಾವ, ಅಪ್ಪನ್ನ ಬಿಡಬೇಡ” ಎಂದು ಕೂಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದಳು. ಈಗ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಫೋನು ಮಾಡಿದರೆ ಈಗಲೂ ಮೊದಲು ಕೇಳುವುದು ಮಾವ ಹೇಗೆ ಹಾರಿದ ಅಂತಲೇ.

ಬಿರುಗಾಳಿಯ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಭಾನುವಾರ ಮಧ್ಯಾಹ್ನದ ಊಟ ತಂಗಿಯ ಮನೆಯಲ್ಲಿ. ಊಟವಾದ ಮೇಲೆ ಭಾವ, ಭಾವಮೈದ ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತು, ಸಂಜೆಯ ಕುಸ್ತಿಯನ್ನು ಮೊದಲಿಂದ ಕೊನೆಯವರೆಗೆ ಬಾಯಲ್ಲೇ ಆಡಿ ಮುಗಿಸುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಬಿರುಗಾಳಿ ಕೈ ತೊಳೆದು ಬಂದವನು, ತಂಗಿಯನ್ನು ಕೇಳಿದ, “ಅಮ್ಮ ಊಟ ಮಾಡಿದ್ಳಾ?”

ಅವರ ಅಮ್ಮ ಸತ್ತು ಎಷ್ಟೋ ವರ್ಷ. ತಂಗಿಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಬಿರುಗಾಳಿಯೂ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ದೊಡ್ಡದಾಗಿ ನಕ್ಕು, “ತಮಾಷೆಗೆ ಕೇಳಿದೆ ಕಣೇ” ಎಂದ.

ಅವನು ಹೋದ ಮೇಲೆ ಅವಳು ಗಂಡನನ್ನು ಹಿಡಿದುಕೊಂಡಳು. “ರೀ, ಅಣ್ಣನಿಗೆ ಏನೋ ಆಗ್ತಿದೆ. ಅಮ್ಮನ ವಿಷಯದಲ್ಲಿ ಅವನು ತಮಾಷೆ ಮಾಡೋನಲ್ಲ.”

“ಡಿಪೋದಲ್ಲಿ ಕೆಲಸ ಜಾಸ್ತಿ ಅಂತಿದ್ದ. ದಣಿದಿದ್ದಾನೆ.”

“ದಣಿದೋರು ನಿದ್ದೆ ಮಾಡ್ತಾರೆ. ಸತ್ತೋರನ್ನ ಊಟಕ್ಕೆ ಕರೆಯಲ್ಲ.”

ಚೇಳು ಮಾತು ಬೆಳೆಸಲಿಲ್ಲ. ಬೆಳೆಸಿದರೆ ತಾನೂ ಒಂದೆರಡು ಸಂಗತಿ ಹೇಳಬೇಕಾಗುತ್ತಿತ್ತು. ಹಿಂದಿನ ಸಲ ರಿಂಗಿನಲ್ಲಿ ಬಿರುಗಾಳಿ ಎಡಕ್ಕೆ ಅಂದರೆ ಬಲಕ್ಕೆ ತಿರುಗಿದ್ದ. ಅದರ ಹಿಂದಿನ ಸಲ ಉಡುಪನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ಹೊರಟವನನ್ನು ಬಾಗಿಲಲ್ಲಿ ತಡೆದದ್ದು ಚೇಳೇ. ವಯಸ್ಸು ಎಂದುಕೊಂಡು ಸುಮ್ಮನಾಗಿದ್ದ.

ವರ್ಷದ ದೊಡ್ಡ ಕುಸ್ತಿ ಬಂತು. ಈ ಕುಸ್ತಿ ನಡೆಸುವ ಸಾಹುಕಾರನ ಮೂಲ ಕಸುಬು ಸಭೆ ಸಮಾರಂಭಗಳಿಗೆ ಕುರ್ಚಿ ಬಾಡಿಗೆ ಕೊಡುವುದು. ಹಾಗಾಗಿ ಅವನಿಗೆ ಮನುಷ್ಯರ ಬೆನ್ನಿಗಿಂತ ಬೆನ್ನಿನ ಮೇಲೆ ಮುರಿಯುವ ಕುರ್ಚಿಯ ಚಿಂತೆ ಹೆಚ್ಚು. ಅವತ್ತು ಮಾತ್ರ ಅವನ ಅಷ್ಟೂ ಕುರ್ಚಿ ತುಂಬಿ, ಜನ ಗೋಡೆಗೆ ಒರಗಿ ನಿಂತಿದ್ದರು. ತಗಡಿನ ಮಾಡಿನ ಕೆಳಗೆ ಬೆವರು, ಧೂಳು, ಹುರಿದ ಜೋಳದ ವಾಸನೆ. ರೆಫರಿ ಪಟ್ಟೆ ಅಂಗಿ ತೊಟ್ಟು ರಿಂಗಿನ ನಡುವೆ ನಿಂತಿದ್ದ. ಅವನು ವಾರವಿಡೀ ಊರಿನ ತಲೆ ಬೋಳಿಸುವ ಕ್ಷೌರಿಕ.

ಮೊದಲರ್ಧ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಚೇಳು ಪುಡಿ ಎರಚಿದ, ಜನ ಎದ್ದು ಬೈದರು. ಬಿರುಗಾಳಿ ಅವನನ್ನು ಎತ್ತಿ ನೆಲಕ್ಕೆ ಹಾಕಿದ, ಜನ ಕುಣಿದರು. ಆಮೇಲೆ ಬಿರುಗಾಳಿ ಅವನನ್ನು ಮತ್ತೆ ಎತ್ತಿದ. ಅದೇ ಪಟ್ಟು, ಅದೇ ಕಡೆ. ಅದು ಮಾತಾಡಿಕೊಂಡದ್ದಲ್ಲ. ಚೇಳು ಹೇಗೋ ಗದ್ದ ಎದೆಗೆ ಒತ್ತಿಕೊಂಡು ಬಿದ್ದ. ಮೂರನೇ ಸಲ ಎತ್ತಲು ಕೈ ಹಾಕಿದಾಗ ಚೇಳು ಅವನ ಕತ್ತು ತಬ್ಬಿ ಕಿವಿಯಲ್ಲಿ ಹೇಳಿದ, “ಭಾವ, ಆಯ್ತು ಇದು. ಈಗ ಹಗ್ಗಕ್ಕೆ ತಳ್ಳು.”

ಬಿರುಗಾಳಿ ತಲೆ ಹಿಂದಕ್ಕೆ ಎಳೆದುಕೊಂಡು ಅವನನ್ನು ನೋಡಿದ. ಇಷ್ಟು ವರ್ಷ ಆ ಕಣ್ಣುಗಳು ಎಷ್ಟು ಸಿಟ್ಟಿನ ನಟನೆ ಮಾಡಿದರೂ ಒಳಗೊಂದು ಮೂಲೆಯಲ್ಲಿ ನಗು ಇರುತ್ತಿತ್ತು. ಈಗ ಅಲ್ಲಿ ಯಾರೂ ಇರಲಿಲ್ಲ. ತನ್ನ ಕತ್ತಿಗೆ ಕೈ ಹಾಕಿದ ಈ ಮನುಷ್ಯ ಯಾರು, ಇಷ್ಟೊಂದು ಜನ ಯಾಕೆ ಕಿರುಚುತ್ತಿದ್ದಾರೆ ಎಂಬ ಭಯವೊಂದೇ ಇತ್ತು. ಭಯಬಿದ್ದವನು ಮಾಡುವುದನ್ನೇ ಅವನೂ ಮಾಡಿದ. ಮುಷ್ಟಿ ಬಿಗಿದು ಮುಖಕ್ಕೆ ಗುದ್ದಿದ.

ನಿಜವಾದ ಗುದ್ದು. ಚೇಳಿನ ಮೂಗಿನ ಮೂಳೆ ಕಟಕ್ ಎಂದಿತು, ರಕ್ತ ಬಾಯಿಗಿಳಿಯಿತು. ಜನರಿಗೆ ಹಬ್ಬವಾಯಿತು. ಚೇಳು ರಕ್ತ ಒರೆಸಿಕೊಂಡು ನೋಡಿದ. ಬಿರುಗಾಳಿ ಈಗ ತಿರುಗಿ ಮೂಲೆಯ ಕಂಬದ ಕಡೆ ಹೊರಟಿದ್ದ. ಮನಸ್ಸಿಗೆ ಮರೆತದ್ದು ಕಾಲಿಗೆ ನೆನಪಿತ್ತು. ಒಂದು ಹಗ್ಗದ ಮೇಲೆ ಕಾಲಿಟ್ಟ, ಎರಡನೆಯದರ ಮೇಲೆ ಇಟ್ಟ. ಮೈ ತೂಗುತ್ತಿತ್ತು. ಅಲ್ಲಿಂದ ಈ ಸ್ಥಿತಿಯಲ್ಲಿ ಹಾರಿದರೆ ಕತ್ತಿನ ಮೇಲೇ ಬೀಳುತ್ತಾನೆ ಎಂಬುದು ಚೇಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಯೋಚನೆಗೆ ಹೊತ್ತಿರಲಿಲ್ಲ. ಚೇಳು ಓಡಿಹೋಗಿ ಹಿಂದಿನಿಂದ ಅವನ ಸೊಂಟ ತಬ್ಬಿ ಹಿಡಿದ. ಮಗುವನ್ನು ಮರದಿಂದ ಇಳಿಸುವಂತೆ ಇಳಿಸಿ, ತಾನು ಅಡಿಗೆ ಬಿದ್ದು, ಹೊರಳಿ, ಅವನ ತಲೆಯ ಕೆಳಗೆ ತನ್ನ ಅಂಗೈ ಇಟ್ಟು ಅವನನ್ನು ಅಂಗಾತ ಮಲಗಿಸಿದ. ಮೇಲೆ ತನ್ನ ಎದೆಯ ಭಾರ ಹಾಕಿದ. “ಅಲುಗಾಡಬೇಡ ಭಾವ. ನಾನಿದ್ದೀನಿ. ಸುಮ್ನೆ ಮಲಗು.”

ರೆಫರಿ ಪಕ್ಕದಲ್ಲಿ ಮಂಡಿಯೂರಿದ. ಎರಡು ಸಲ ನೆಲಕ್ಕೆ ಬಡಿದು ಅವನ ಕೈ ಗಾಳಿಯಲ್ಲಿ ನಿಂತಿತು. ಇಲ್ಲಿ ಬಿರುಗಾಳಿ ಏಳಬೇಕಿತ್ತಲ್ಲ ಎಂದು ಚೇಳಿನ ಮುಖ ನೋಡಿದ.

“ಹೊಡಿ,” ಎಂದ ಚೇಳು. “ಮೂರನೇದು ಹೊಡಿ, ಮಹಾರಾಯ.”

ಕ್ಷೌರಿಕ ಕಣ್ಣು ಮುಚ್ಚಿ ಕೈ ಬಡಿದ.

ಮೂರು ಸಲ ಬಡಿಯುವಷ್ಟರಲ್ಲಿ ಏಳದವನು ಸೋತಂತೆ, ಚೇಳು ಗೆದ್ದಿದ್ದ. ಆಮೇಲೆ ಬಾಟಲಿ ಬಂದವು, ಚಪ್ಪಲಿ ಬಂದವು, ಸಾಹುಕಾರನ ಕುರ್ಚಿಯೂ ಒಂದೆರಡು ಬಂದವು. ಚೇಳು ಬಿರುಗಾಳಿಯ ಮೇಲೆ ಬಾಗಿ ಎಲ್ಲವನ್ನೂ ಬೆನ್ನಿಗೆ ತೆಗೆದುಕೊಂಡ. ನೋಡಿದವರಿಗೆ ಗೆದ್ದ ಮೇಲೂ ಬಿಡದೆ ಅದುಮುತ್ತಿದ್ದಾನೆ ಎಂದೇ ಕಂಡಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸಾಹುಕಾರ ಬಾಯಿಗೆ ಬಂದಂತೆ ಬೈದ. ಚೇಳು ಮೂಗಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಬಿರುಗಾಳಿ ಬೆಂಚಿನ ಮೇಲೆ ಕೈ ಕಟ್ಟಿ, ದೂರದ ಪ್ರಯಾಣಕ್ಕೆ ಹೊರಟವನಂತೆ ಕೂತು, “ಬಸ್ ತಡವಾ?” ಎಂದು ಕೇಳಿದ. ಸಾಹುಕಾರನ ಬೈಗುಳ ಅರ್ಧಕ್ಕೇ ನಿಂತಿತು. ಅವನು ಬಿರುಗಾಳಿಯನ್ನು ನೋಡಿದ, ಚೇಳನ್ನು ನೋಡಿದ, ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಗೆ ಹೋದ.

ಮರುದಿನದ ಹೊತ್ತಿಗೆ ಬಿರುಗಾಳಿ ಮೊದಲಿನಂತಾದ. ಹಾಗಾದದ್ದೇ ತಡ, ಸಿಟ್ಟಿನಿಂದ ಉರಿಯುತ್ತ ಹಾಸಿಗೆ ಅಂಗಡಿಗೆ ಬಂದ. ಡಿಪೋದಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ಕುಸ್ತಿಯನ್ನು ಅವನಿಗೆ ತೋರಿಸಿದ್ದರು.

“ಊರಿನ ಎದುರಿಗೆ ನನ್ನ ಬೆನ್ನು ನೆಲಕ್ಕೆ ಹಚ್ಚಿದೆ,” ಎಂದ. “ಗೆಲ್ಲಬೇಕು ಅಂತ ಆಸೆ ಇದ್ರೆ ಕೇಳಬಾರದಿತ್ತಾ? ಕೇಳಿದ್ರೆ ಕೊಡ್ತಿರಲಿಲ್ವಾ ನಾನು?”

ಚೇಳು ಸೂಜಿ ಕೆಳಗಿಟ್ಟ. ಮೂಗು ಊದಿ ಮಾತು ಮೂಗಿನಲ್ಲೇ ಬರುತ್ತಿತ್ತು. “ಗುದ್ದಿದ್ದು ನೆನಪಿದೆಯಾ ಭಾವ?”

“ಯಾರಿಗೆ?”

“ನನಗೆ. ನಿನ್ನೆ ನಿನಗೆ ನನ್ನ ಗುರುತು ಸಿಗಲಿಲ್ಲ.”

ಬಿರುಗಾಳಿ ಅವನ ಮೂಗನ್ನು ಬಹಳ ಹೊತ್ತು ನೋಡಿದ. ಹೊಲಿದು ಮುಗಿಸಿದ್ದ ಹಾಸಿಗೆಯೊಂದರ ಮೇಲೆ ಕುಸಿದು ಕೂತ. ಹತ್ತಿಯ ಎಳೆಗಳು ಅವನ ಪ್ಯಾಂಟಿಗೆ ಹತ್ತಿಕೊಂಡವು, ಅವನ್ನು ಒಂದೊಂದಾಗಿ ಕೀಳುತ್ತ ಹೇಳಿದ, “ಹೋದ ತಿಂಗಳು ಡಿಪೋದಲ್ಲಿ ಸ್ಪ್ಯಾನರ್ ಹಿಡ್ಕೊಂಡು ನಿಂತಿದ್ದೆ. ಇದರಿಂದ ಏನು ಮಾಡ್ತಾರೆ ಅಂತಲೇ ಗೊತ್ತಾಗಲಿಲ್ಲ. ಯಾರಾದ್ರೂ ನೋಡ್ತಾರೇನೋ ಅಂತ ಬಸ್ಸಿನ ಕೆಳಗೆ ಹೋಗಿ ಮಲಗಿಬಿಟ್ಟೆ.”

“ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ಭಾನುವಾರ ತಪ್ಪಿಸ್ತಿದ್ರಿ.”

ತಂಗಿಯೇ ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ದಳು, ಜೊತೆಗೆ ಚೇಳೂ ಹೋದ. ತಲೆಗೆ ವರ್ಷಗಟ್ಟಲೆ ಬಿದ್ದ ಪೆಟ್ಟುಗಳು ಈಗ ಲೆಕ್ಕ ಕೇಳುತ್ತಿವೆ, ಇನ್ನು ಮೇಲೆ ಒಂದೇ ಒಂದು ಸಲವೂ ಬೀಳಕೂಡದು, ಮರೆವು ನಿಧಾನವಾಗಿ ಹೆಚ್ಚುತ್ತದೆ ಎಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ ಬಿರುಗಾಳಿ ಇಬ್ಬರ ಕೈಯನ್ನೂ ಹಿಡಿದು ಮಾತು ತೆಗೆದುಕೊಂಡ. “ಊರಲ್ಲಿ ಯಾರಿಗೂ ಹೇಳಬೇಡಿ. ಮೋಸದಿಂದ ಸೋತ ಅಂತಾನೇ ಅಂದ್ಕೊಳ್ಳಲಿ. ಅಯ್ಯೋ ಪಾಪ ಅನ್ನಿಸಿಕೊಳ್ಳೋದು ಬೇಡ ನನಗೆ.”

ಹಾಗಾಗಿ ಚೇಳಿನ ಬಾಯಿಗೆ ಬೀಗ ಬಿತ್ತು. ಊರಿನ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಇಷ್ಟು ದಿನದ ಬೈಗುಳದಲ್ಲಿ ಅಕ್ಕರೆಯ ಒಗ್ಗರಣೆ ಇರುತ್ತಿತ್ತು, ಈಗ ಅದು ಇಲ್ಲವಾಯಿತು. ಬಿರುಗಾಳಿ ಕುಸ್ತಿಗೆ ಬರುವುದೇ ನಿಂತಿದ್ದರಿಂದ, ಚೇಳು ಅವನ ಬೆನ್ನು ಮುರಿದಿದ್ದಾನೆ, ಬೇಕೆಂದೇ ಮುರಿದಿದ್ದಾನೆ ಎಂಬ ಸುದ್ದಿ ಹಬ್ಬಿತು. ಅಂಗಡಿಯ ಬಾಗಿಲಿಗೆ ಯಾರೋ ಟಾರು ಬಳಿದು ಹೋದರು. ಅಳತೆ ಕೊಟ್ಟು ಹೋಗಿದ್ದವರು ಹಾಸಿಗೆ ಬೇಡವೆಂದು ಹೇಳಿಕಳಿಸಿದರು. ಬೈದು ಅಳತೆ ಹೇಳುತ್ತಿದ್ದ ಅಜ್ಜಿಯರು ಈಗ ಬೈಯಲೂ ಬರಲಿಲ್ಲ.

“ಒಂದು ಮಾತು ಹೇಳಿಬಿಡಿ ಅಂದ್ರೆ,” ಎಂದಳು ಹೆಂಡತಿ, ಬಾಗಿಲಿನ ಟಾರು ಕೆರೆಯುತ್ತ. “ನಾನೇ ಹೇಳ್ತೀನಿ ಬೇಕಾದ್ರೆ.”

“ಮಾತು ಕೊಟ್ಟಿದ್ದೀವಿ.”

“ಕೊಟ್ಟಿದ್ದು ನನ್ನಣ್ಣನಿಗೆ. ನಾಳೆ ಅವನಿಗೇ ಅದು ನೆನಪಿರಲ್ಲ.”

“ನಮಗಿರುತ್ತಲ್ಲ,” ಎಂದ ಚೇಳು. “ಬೈಸಿಕೊಳ್ಳೋದು ನನ್ನ ಕಸುಬು ಕಣೇ. ಸ್ವಲ್ಪ ಜಾಸ್ತಿ ದಿನ ಬೈಸಿಕೊಳ್ತೀನಿ, ಅಷ್ಟೇ.” ಹಾಗೆ ಹೇಳಿದನಾದರೂ, ಅವನು ಅಂಗಡಿಗೆ ಹೋಗುವಾಗ ಮುಖ್ಯ ಬೀದಿ ಬಿಟ್ಟು ಹಿಂದಿನ ಓಣಿ ಹಿಡಿಯತೊಡಗಿದ್ದನ್ನು ಅವಳು ಕಂಡಿದ್ದಳು.

ಅಣ್ಣನಿಗೆ ಅದನ್ನು ಅವಳೇ ತಿಳಿಸಿದಳೋ, ಅವನೇ ಟಾರಿನ ಕಲೆ ನೋಡಿ ಅರ್ಥಮಾಡಿಕೊಂಡನೋ, ಚೇಳಿಗೆ ಕೊನೆಗೂ ತಿಳಿಯಲಿಲ್ಲ. ಚಳಿಗಾಲ ಕಳೆಯುತ್ತಿದ್ದ ಒಂದು ಭಾನುವಾರ ಚೇಳು ಇನ್ನೊಬ್ಬನ ಜೊತೆ ಕುಸ್ತಿಗೆಂದು ರಿಂಗಿನಲ್ಲಿ ನಿಂತು ಬೈಗುಳ ಕೇಳಿಸಿಕೊಳ್ಳುತ್ತಿದ್ದಾಗ ಗೋದಾಮಿನ ಹಿಂಬದಿಯಲ್ಲಿ ಗದ್ದಲವೆದ್ದಿತು. ಡಿಪೋದ ನೀಲಿ ಅಂಗಿ ತೊಟ್ಟ ಬಿರುಗಾಳಿ ತಂಗಿಯ ಕೈ ಹಿಡಿದು ಕುರ್ಚಿಗಳ ನಡುವೆ ನಡೆದು ಬರುತ್ತಿದ್ದ. ಜನ ಎದ್ದು ನಿಂತರು. ಅವನು ಹಗ್ಗದಡಿ ನುಸುಳಿ ಒಳಗೆ ಬಂದು ಸಾಹುಕಾರನ ಕಡೆ ಕೈ ಚಾಚಿದ. ಸಾಹುಕಾರ ಮೈಕು ಕೊಟ್ಟ.

“ನನ್ನ ತಲೆ ಸರಿ ಇಲ್ಲ,” ಎಂದ ಬಿರುಗಾಳಿ. “ಮರೀತಾ ಇದ್ದೀನಿ. ಅವತ್ತು ನಾನೆಲ್ಲಿದ್ದೀನಿ ಅಂತಲೇ ಗೊತ್ತಿರಲಿಲ್ಲ. ಕಂಬದಿಂದ ಹಾರಿದ್ರೆ ಸಾಯ್ತಿದ್ದೆ. ಇವನು ಇಳಿಸಿದ. ಇವನು ಕೆಟ್ಟೋನಲ್ಲ. ಇವನು ನನ್ನ ತಂಗಿ ಗಂಡ.”

ಮುಂದಿನ ಸಾಲಿನ ಒಬ್ಬ ಅಜ್ಜಿ ಮೂಗು ಒರೆಸಿಕೊಳ್ಳುತ್ತ, “ತಂಗಿ ಗಂಡ ಅಂತ ಊರಿಗೆಲ್ಲ ಗೊತ್ತು ಕಣಪ್ಪ. ತಲೆ ವಿಷಯ ಗೊತ್ತಿರಲಿಲ್ಲ,” ಎಂದಳು. ಯಾರೋ ಬಿಕ್ಕಿದರು. ಅಷ್ಟು ಕುರ್ಚಿಗಳಿಂದ ಅಯ್ಯೋ ಪಾಪ ಎಂಬ ಉಸಿರು ಒಟ್ಟಿಗೇ ಎದ್ದಿತು.

ಬಿರುಗಾಳಿ ನಡುವೆ ನಿಂತಿದ್ದ. ಅವನ ಎದೆ ಕುಗ್ಗುತ್ತಿರುವುದು ಚೇಳಿಗೆ ಕಂಡಿತು. ಯಾವುದು ಬೇಡವೆಂದು ಮಾತು ತೆಗೆದುಕೊಂಡಿದ್ದನೋ ಅದನ್ನೇ ಅವನು ಚೇಳಿಗಾಗಿ ಊರಿನ ಎದುರಿಗೆ ಮೈಮೇಲೆ ಸುರಿದುಕೊಂಡಿದ್ದ. ಚೇಳಿಗೆ ಭಾವನನ್ನು ತಬ್ಬಿಕೊಂಡು ಅತ್ತುಬಿಡೋಣ ಎನಿಸಿತು. ಆದರೆ ತಾನೂ ಅತ್ತರೆ ಈ ಮನುಷ್ಯ ಇಲ್ಲಿಂದ ತಲೆ ತಗ್ಗಿಸಿಕೊಂಡೇ ಹೋಗಬೇಕಾಗುತ್ತದೆ.

ಅವನು ಮುಂದೆ ಬಂದು ಭಾವನ ಕೈಯಿಂದ ಮೈಕು ಕಿತ್ತುಕೊಂಡ.

“ಕೇಳಿದ್ರಾ?” ಎಂದ, ಚೇಳಿನ ಸೀಳು ದನಿಯಲ್ಲಿ. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಸೋತೋನಿಗೆ ನೆಪ ನೂರು. ತಲೆ ಸರಿ ಇಲ್ವಂತೆ ತಲೆ. ಲೋ ಗಾಳಿ, ನಿನಗೆ ತಲೆ ಅನ್ನೋದು ಇದ್ದದ್ದಾದ್ರೂ ಯಾವಾಗ?”

ಜನ ನಂಬಲಾರದೆ ಬಾಯಿ ತೆರೆದರು. ತಂಗಿ ರಿಂಗಿನ ಕೆಳಗೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಆ ಮುಂದಿನ ಸಾಲಿನ ಅಜ್ಜಿಯೇ ಚಪ್ಪಲಿ ಎತ್ತಿಕೊಂಡು, “ನಾಲಿಗೆ ಸೇದಿಹೋಗ್ಲಿ ನಿಂದು,” ಎಂದಳು. ಅದರ ಹಿಂದೆಯೇ ಇಡೀ ಗೋದಾಮು ಹೊತ್ತಿಕೊಂಡಿತು. ಬೈಗುಳ, ಸಿಳ್ಳೆ, ಕಾಲಿನ ಬಡಿತ. ಬಿಡಬೇಡ ಬಿರುಗಾಳಿ, ಬಿಡಬೇಡ ಎಂಬ ಹಳೆಯ ಕೂಗು ತಗಡಿಗೆ ಬಡಿದು ಕೆಳಗಿಳಿಯಿತು.

ಬಿರುಗಾಳಿ ತಲೆ ಎತ್ತಿದ. ಅವನ ಕಣ್ಣಿನ ಮೂಲೆಯಲ್ಲಿ ನಗು ಮಿನುಗಿತು. ಚೇಳು ಬೈಯುತ್ತಲೇ ಹತ್ತಿರ ಸರಿದು, ಮೈಕಿಗೆ ಕೈ ಅಡ್ಡ ಹಿಡಿದು, “ಬರೀ ಅಂಗೈ, ಭಾವ. ಎದೆಗೆ. ನೀನು ಕದಲಬೇಡ,” ಎಂದ.

ಬಿರುಗಾಳಿ ಅಂಗೈ ಎತ್ತಿ ಅವನ ಎದೆಗೆ ಮೆಲ್ಲಗೆ ಒಂದು ಕೊಟ್ಟ. ಬಾಗಿಲ ಮೇಲಿನ ಧೂಳು ತಟ್ಟುವಷ್ಟು. ಚೇಳು ಫಿರಂಗಿ ಗುಂಡು ಬಡಿದವನಂತೆ ಹಿಂದಕ್ಕೆ ಹಾರಿದ. ಹಗ್ಗಕ್ಕೆ ಬಡಿದು, ಅದರ ಮೇಲಿಂದ ಲಾಗ ಹಾಕಿ, ರಿಂಗಿನ ಹೊರಗೆ ಸಾಹುಕಾರನ ಖಾಲಿ ಕುರ್ಚಿಗಳ ಸಾಲಿನ ಮೇಲೆ ಬಿದ್ದು ಅಷ್ಟನ್ನೂ ಚೆಲ್ಲಾಪಿಲ್ಲಿ ಮಾಡಿದ. ಅಷ್ಟು ಚೆಂದದ ಬೀಳುವಿಕೆ ಅವನ ಹರೆಯದಲ್ಲೂ ಬಂದಿರಲಿಲ್ಲ. ನೆಲದ ಮೇಲೆ ಮಲಗಿ, ಉಸಿರು ಸಿಗದೆ, ಅವನು ತಗಡಿನ ಮಾಡನ್ನು ನೋಡುತ್ತ ಮೇಲಿನ ಗದ್ದಲ ಕೇಳಿಸಿಕೊಂಡ. ಎದ್ದು ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿ ಎಷ್ಟು ಮುರಿದವೆಂದು ಸಾಹುಕಾರ ಅವತ್ತು ಕೇಳಲೇ ಇಲ್ಲ.

ಆಮೇಲೆ ಅಂಗಡಿಗೆ ಗಿರಾಕಿಗಳು ಮೊದಲಿನಂತೆ ಬೈಯುತ್ತಲೇ ಒಬ್ಬೊಬ್ಬರಾಗಿ ಮರಳಿದರು. ಟಾರು ಬಳಿದವನು ಯಾರೆಂದು ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಯಾರೋ ಬಾಗಿಲಿಗೆ ಹೊಸ ಹಸಿರು ಬಣ್ಣ ಬಳಿದಿದ್ದರು. ಬಿರುಗಾಳಿ ಡಿಪೋ ಬಿಟ್ಟು ತಂಗಿಯ ಮನೆಗೇ ಬಂದುಬಿಟ್ಟ. ಹಗಲಿಡೀ ಅಂಗಡಿಯಲ್ಲಿ ಕೂತು ಹತ್ತಿ ಬಿಡಿಸಿಕೊಡುತ್ತಿದ್ದ. ಕೆಲವು ದಿನ ಎಲ್ಲ ನೆನಪಿರುತ್ತಿತ್ತು. ಅಂಥ ದಿನ ಭಾವಮೈದನ ಹೊಲಿಗೆಯಲ್ಲಿ ಹುಳುಕು ಹುಡುಕುತ್ತಿದ್ದ. ಕೆಲವು ದಿನ ಏನೂ ಇರುತ್ತಿರಲಿಲ್ಲ.

ಅಂಥದೊಂದು ಮಧ್ಯಾಹ್ನ ಅವನು ಹತ್ತಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದ, “ನೀವು ಯಾರು ಅಂತ ಗೊತ್ತಾಗಲಿಲ್ಲ.”

“ನಿನ್ನ ತಂಗಿ ಗಂಡ,” ಎಂದ ಚೇಳು.

ಬಿರುಗಾಳಿ ಅವನನ್ನು ಮೇಲಿಂದ ಕೆಳಗೆ ಅಳೆದ. ಸೊಟ್ಟಗಾದ ಮೂಗು, ನರೆತ ಮೀಸೆ, ಕಿವಿಯ ಮೇಲೆ ಸಿಕ್ಕಿಸಿದ ಸೂಜಿ. “ಚೆನ್ನಾಗಿ ನೋಡ್ಕೊಳ್ತೀರಾ ಅವಳನ್ನ?”

ಒಳಗೆ ಬಟ್ಟೆ ಕತ್ತರಿಸುತ್ತಿದ್ದ ಹೆಂಡತಿ ಕತ್ತರಿ ನಿಲ್ಲಿಸದೆಯೇ ಹೇಳಿದಳು, “ನೋಡ್ಕೊಳ್ತಾರೆ ಅಣ್ಣ. ಸೋಮವಾರ ಸ್ವಲ್ಪ ನರಳ್ತಾರೆ, ಅದೊಂದು ಬಿಟ್ರೆ ತೊಂದರೆ ಇಲ್ಲ.”

“ಹಾಗಾದ್ರೆ ಸರಿ,” ಎಂದ ಬಿರುಗಾಳಿ, ಮತ್ತೆ ಹತ್ತಿಗೆ ಕೈ ಹಾಕಿದ.